ಹೊಟ್ಟೆಕಿಚ್ಚಿನ ಕೆಮ್ಮು

ಮಂಜುಳಾ, ಪಂಪಾಪತಿ, ಇದನ್ನು ಇಬ್ಬರೂ ಓದಿ. ಆದರೆ ಮೊದಲು ಮಂಜುಳಾ ಓದಲಿ. ನಾನು ಬರೆಯಲು ಕುಳಿತಿದ್ದೇ ಅವಳ ಸಲುವಾಗಿ.

ಮಂಜುಳಾ, ಹೋದ ವಾರ ನೀನು ಮಾತ್ರೆಯ ಪೊಟ್ಟಣವನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು ಬಂದು, "ಅಜ್ಜಿ, ನಿನಗೂ ಇದ ಬಂದಿತ್ತಂತ, ಹೌದೇನು?" ಎಂದು ಕೇಳಿದೆ. ನಾನು ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಹಾಲು ಇರಲಿಲ್ಲ. ಮುಖ ನೋಡಿ ಮಾತಾಡುವುದು ನನಗೆ ಈ ವಯಸ್ಸಿನಲ್ಲೂ ಬಂದಿಲ್ಲ. ಕುರುಗೋಡಿನ ಶಾಲೆಯಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದರೆ, ಉತ್ತರ ಗೊತ್ತಿದ್ದರೂ ನೆಲ ನೋಡುತ್ತಿದ್ದೆ. ಸ್ಲೇಟಿನ ಮೇಲೆ ಬರೆ ಎಂದರೆ ಬರೆಯುತ್ತಿದ್ದೆ. ಈಗಲೂ ಅಷ್ಟೇ ಅಂದುಕೋ.

ಹೌದು, ನನಗೂ ಬಂದಿತ್ತು. ಕ್ಷಯ. ನಮ್ಮ ಕಾಲದಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, "ಆ ಬ್ಯಾನಿ" ಅನ್ನುತ್ತಿದ್ದರು. ಅದರ ಕಥೆ ಹೇಳಬೇಕಾದರೆ ನಿಮ್ಮ ತಾತನ ಫುಟ್‌ಬಾಲಿನ ಕಥೆಯನ್ನೂ ಹೇಳಬೇಕು. ಎರಡೂ ಒಂದೇ ಮನೆಯಲ್ಲಿ, ಒಂದೇ ಹೊತ್ತಿನಲ್ಲಿ ನಡೆದವು. ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ.

ನಿಮ್ಮ ತಾತನವರು ಸಿರುಗುಪ್ಪದವರು. ಮನೆಯಲ್ಲಿ ಭತ್ತದ ಗದ್ದೆ ಇದ್ದರೂ ಬಳ್ಳಾರಿಯ ಒಂದು ಹತ್ತಿ ಮಿಲ್ಲಿಗೆ ಸೇರಿದ್ದರು. ಸೇರಿಸಿಕೊಂಡದ್ದು ಕೈ ನೋಡಿ ಅಲ್ಲ, ಕಾಲು ನೋಡಿ. ಆಗ ಮಿಲ್ಲಿಗೊಂದು ಟೀಮು ಇರುತ್ತಿತ್ತು. ಆಟಗಾರರಿಗೆ ಬೆಳಗಿನ ಪಾಳಿ ಮಾತ್ರ. ಮಧ್ಯಾಹ್ನ ಬಿಟ್ಟರೆ ಸಂಜೆ ಮೈದಾನಕ್ಕೆ ಹೋಗಬೇಕು. ಅರ್ಧ ದಿನ ಹತ್ತಿ, ಅರ್ಧ ದಿನ ಚೆಂಡು. ಅವರು ನಡುವೆ ಆಡುವವರು, "ಹಾಫ್" ಎನ್ನುತ್ತಿದ್ದರು. ಹಾಗೆಂದರೇನು ಎಂದು ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದ್ದೆ.

"ಹಿಂದಿನವ್ರ ಹತ್ರ ಇಸ್ಕೊಂಡು ಮುಂದಿನವ್ರಿಗೆ ಕೊಡೋದು," ಅಂದರು.

"ಅಷ್ಟಕ್ಕ ಇಷ್ಟು ಓಡಬೇಕೇನ್ರಿ?"

"ಅಷ್ಟಕ್ಕ ಎಲ್ರಕ್ಕಿಂತ ಹೆಚ್ಚು ಓಡಬೇಕು," ಎಂದು ನಕ್ಕರು.

ಪಾರ್ವತಿನಗರದ ಅಂಚಿನಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಅವರು ಮೈದಾನದಿಂದ ಬಂದ ಮೇಲೆ ಮಾಡುತ್ತಿದ್ದ ಮೊದಲ ಕೆಲಸ ಬೂಟಿನ ಮಣ್ಣು ಕೆರೆಯುವುದು. ಆಮೇಲೆ ಅದಕ್ಕೆ ಹರಳೆಣ್ಣೆ ಹಚ್ಚುವುದು. ತೊಡೆಯ ಮೇಲೆ ಇಟ್ಟುಕೊಂಡು, ಕೂಸಿನ ಕಾಲಿಗೆ ತಿಕ್ಕಿದ ಹಾಗೆ ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಮಗೆ ಆಗ ಮಕ್ಕಳಿರಲಿಲ್ಲ. ಆ ಬೂಟುಗಳನ್ನು ಕಂಡರೆ ನನಗೆ ಎಷ್ಟು ಹೊಟ್ಟೆ ಉರಿಯುತ್ತಿತ್ತು ಎಂದು ಹೇಳಿದರೆ ನೀವು ನಗುತ್ತೀರಿ.

ಭಾನುವಾರ ಮ್ಯಾಚು. ಕೆಲವು ಸಲ ಗುಂತಕಲ್ಲಿಗೆ, ಹೊಸಪೇಟೆಗೆ, ರಾಯಚೂರಿಗೆ ಹೋಗುತ್ತಿದ್ದರು. ನಮ್ಮಂಥ ಮನೆಯ ಹೆಂಗಸರು ಮೈದಾನಕ್ಕೆ ಹೋಗುವ ಪದ್ಧತಿ ಇರಲಿಲ್ಲ. ನನಗೆ ಸಿಗುತ್ತಿದ್ದದ್ದು ಒಗೆಯಲು ಬಂದ ಅಂಗಿ, ತರಚಿದ ಮೊಣಕಾಲು, ಬಾಗಿಲಿಗೆ ಬಂದು ಕೂಗುವ ಗೆಳೆಯರು. ನಾನು ನಾಲಿಗೆಯ ಮೇಲೆ ತರಬಾರದ ಅವರ ಹೆಸರನ್ನು ಬಳ್ಳಾರಿಯ ಅರ್ಧ ಊರು ಬಾಯ್ತುಂಬ ಕೂಗುತ್ತಿತ್ತು.

ಕೆಮ್ಮು ಶುರುವಾದದ್ದು ಚಳಿಗಾಲದ ಕೊನೆಗೆ. ಬೆಳಿಗ್ಗೆ ಏನೂ ಇಲ್ಲ, ನೀರು ಸೇದುತ್ತಿದ್ದೆ, ರೊಟ್ಟಿ ಬಡಿಯುತ್ತಿದ್ದೆ. ಬಿಸಿಲು ಇಳಿಯುತ್ತಿದ್ದಂತೆ ಮೈ ಬೆಚ್ಚಗಾಗುವುದು, ಕೆಮ್ಮು ಬರುವುದು. ಈ ಬೇನೆಯ ಜ್ವರ ಸಂಜೆಗೆ ಏರುತ್ತದೆ ಎಂದು ಈಗ ನಿನಗೂ ಗೊತ್ತು ಮಂಜುಳಾ. ಆಗ ನಮಗೆ ಗೊತ್ತಿರಲಿಲ್ಲ. ಮ್ಯಾಚುಗಳು ನಡೆಯುವುದೂ ಸಂಜೆಯೇ.

ನಮ್ಮ ಅತ್ತೆ ಸಿರುಗುಪ್ಪದಿಂದ ಬಂದು ನಮ್ಮೊಂದಿಗೆ ಇದ್ದರು. ಕೆಟ್ಟವರಲ್ಲ, ಕಣ್ಣು ಮಾತ್ರ ಬಹಳ ಚುರುಕು. ಒಂದು ಭಾನುವಾರ ಇವರು ಬೂಟು ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟುತ್ತಿದ್ದಾಗ ನನಗೆ ಕೆಮ್ಮು ಬಂತು. ಅತ್ತೆ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ.

"ನೋಡಪಾ, ಮ್ಯಾಚ್ ಐತಿ ಅಂದ್ರ ಸಾಕು, ಈಕಿಗೆ ಕೆಮ್ಮು ಬರ್ತೈತಿ. ಮಿಲ್ಲಿಗೆ ಹೋಗಾಕ ನಿಂತಾಗ ಬರಂಗಿಲ್ಲ."

"ಯವ್ವಾ, ಸುಮ್ನಿರು," ಅಂದರು ಇವರು.

"ನಾ ಸುಮ್ನ ಇರ್ತೀನಿ. ಆಕಿ ಕೆಮ್ಮು ಸುಮ್ನ ಇರಬೇಕಲ್ಲ?"

ಅವರಿಬ್ಬರೂ ನಕ್ಕರು. ಸೆರಗು ಬಾಯಿಗೆ ಒತ್ತಿಕೊಂಡು ನಾನೂ ನಕ್ಕೆ.

ನಗು ಮುಗಿದರೂ ಕೆಮ್ಮು ಮುಗಿಯಲಿಲ್ಲ. ಮಿಲ್ಲಿನ ದವಾಖಾನೆಗೆ ಹೋದೆವು. ಇವರಿಗೆ ಪಾಳಿ ಇತ್ತು. ನನ್ನ ಜೊತೆ ಬಂದವರು ಅತ್ತೆ ಮತ್ತು ಇವರ ಅಣ್ಣ, ಅಂದರೆ ನನ್ನ ಭಾವ. ಭಾವನವರ ಎದುರು ನಾನು ಅಂದಿನವರೆಗೆ ಒಂದು ಮಾತೂ ಆಡಿರಲಿಲ್ಲ, ಸೆರಗು ತಲೆಯಿಂದ ಇಳಿಸಿರಲಿಲ್ಲ. ಕಾಂಪೌಂಡರು ಒಂದು ತಗಡಿನ ಡಬ್ಬಿ ಕೊಟ್ಟು, "ಕೆಮ್ಮಿ ಕಫ ಹಾಕಮ್ಮ," ಅಂದ. ಜಗುಲಿಯ ತುಂಬ ಗಂಡಸರು. ಭಾವನವರು ಎರಡು ಮಾರು ದೂರದಲ್ಲಿ ನಿಂತಿದ್ದರು. ಹಿರಿಯರ ಎದುರು ಹೆಣ್ಣುಮಗಳು ಕ್ಯಾಕರಿಸಿ ಉಗುಳುವುದೆಂದರೇನು! ನಾನು ಗೋಡೆಗೆ ತಿರುಗಿ, ಬಂದ ಕಫವನ್ನು ನುಂಗಿ, ಬಾಯೊಳಗಿನ ಉಗುಳನ್ನಷ್ಟೇ ಡಬ್ಬಿಗೆ ಬಿಟ್ಟು ಕೊಟ್ಟೆ.

"ಇದರಾಗ ಏನೂ ಇಲ್ಲ," ಎಂದು ಹೇಳಿ ಕಳಿಸಿದರು. ಉಗುಳಿನಲ್ಲಿ ಏನಿರುತ್ತದೆ?

ಮನೆಗೆ ಬಂದು ಅತ್ತೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಹೇಳಿದರು: "ಡಾಕ್ಟ್ರಿಗೆ ಏನ್ ಗೊತ್ತಾಗ್ತೈತಿ ಇದು. ಇದು ಹೊಟ್ಟಿಕಿಚ್ಚಿನ ಕೆಮ್ಮು."

ಈಗ ನಿಮಗೆ ಆಶ್ಚರ್ಯವಾಗುತ್ತದೆ. ನಾನೂ ಅದನ್ನು ನಂಬಿದೆ. ಹೊಟ್ಟೆಕಿಚ್ಚು ಇದ್ದದ್ದಂತೂ ನಿಜ, ಡಾಕ್ಟರು ಏನೂ ಇಲ್ಲ ಅಂದದ್ದೂ ನಿಜ, ಕೆಮ್ಮು ಸಂಜೆಗೇ ಬರುವುದೂ ನಿಜ. ಇನ್ನೇನು ಬೇಕು? ಕುರುಗೋಡಿಗೆ ತವರಿಗೆ ಹೋದಾಗ ಬಸವಣ್ಣನ ಗುಡಿಯಲ್ಲಿ ಆ ದೊಡ್ಡ ಕಲ್ಲಿನ ಮೈಗೆ ಹಣೆ ಹಚ್ಚಿ ಬೇಡಿಕೊಂಡೆ: ನನ್ನ ಹೊಟ್ಟೆಕಿಚ್ಚು ಕಳೆಯಪ್ಪಾ, ಕೆಮ್ಮು ತಾನಾಗಿ ಹೋಗುತ್ತದೆ. ಬಳ್ಳಾರಿಗೆ ವಾಪಸು ಬಂದ ಮೇಲೆ ಬೂಟುಗಳಿಗೆ ನಾನೇ ಹರಳೆಣ್ಣೆ ಹಚ್ಚಲು ಶುರು ಮಾಡಿದೆ. ಹೀಗೆ ಮಾಡಿದರೆ ಅವುಗಳ ಮೇಲೆ ಪ್ರೀತಿ ಬಂದು ಕೆಮ್ಮು ನಿಂತೀತು ಎಂದು. ಪ್ರೀತಿ ಬರಲಿಲ್ಲ, ಎಣ್ಣೆಯ ವಾಸನೆಗೆ ಇನ್ನಷ್ಟು ಕೆಮ್ಮು ಬಂತು. ಮೈ ಕರಗಿತು. ಬಳೆ ಮೊಣಕೈತನಕ ಜಾರುತ್ತಿದ್ದವು.

ಒಂದು ಸೋಮವಾರ ಒಗೆಯುವ ಕಲ್ಲಿನ ಮುಂದೆ ಕುಳಿತು ಅವರ ಬಿಳಿ ಅಂಗಿ ಉಜ್ಜುತ್ತಿದ್ದಾಗ ಕೆಮ್ಮು ಬಂತು. ಬಾಯಿಗೆ ಉಪ್ಪುಪ್ಪು. ನೋಡಿದರೆ ಅಂಗಿಯ ಮೇಲೆ ರಕ್ತ. ಅದೇ ಹೊತ್ತಿಗೆ ಅವರು ಮಿಲ್ಲಿನಿಂದ ಬಂದರು.

"ಏನದು?"

"ನಿಮ್ಮ ಮೊಣಕಾಲಿಂದು. ನಿನ್ನೆ ಬಿದ್ದಿರಲ್ಲ..."

ಅವರು ಪ್ಯಾಂಟು ಮೇಲೆತ್ತಿ ಒಂದು ಮೊಣಕಾಲು ನೋಡಿದರು. ಇನ್ನೊಂದನ್ನೂ ನೋಡಿದರು. ಎರಡರ ಮೇಲೂ ಗಾಯ ಇರಲಿಲ್ಲ. ನನ್ನನ್ನು ರಟ್ಟೆ ಹಿಡಿದು ಎಬ್ಬಿಸಿದರು. ಸೀರೆ ಬದಲಿಸಲು ಸಹ ಬಿಡಲಿಲ್ಲ. ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಊರ ಹೊರಗಿನ ಕ್ಷಯದ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಜನ "ಏನ್ ಅಣ್ಣಾ, ಎಲ್ಲಿಗೆ?" ಅನ್ನುತ್ತಿದ್ದರು. ಆ ದಿನ ಮೊದಲ ಸಲ ಊರು ಕರೆದರೂ ಅವರು ತಿರುಗಿ ನೋಡಲಿಲ್ಲ. ಆ ಭಯದಲ್ಲೂ ನನಗೆ ಒಂಥರಾ ಖುಷಿಯಾಗಿತ್ತು.

ಅಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಹಳೆಯ ಕಥೆ ಕೇಳಿದರು, ಡಬ್ಬಿಯ ವಿಷಯ ಕೇಳಿದರು. ನಾನು ನೆಲ ನೋಡಿದೆ. ಅವರಿಗೆ ತಿಳಿಯಿತು. ನನ್ನನ್ನು ಒಳಗಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿ, ತಾವೂ ಕಿಟಕಿಯ ಕಡೆ ತಿರುಗಿ ನಿಂತರು.

"ಉಗುಳು ಬೇಡಮ್ಮ, ಎದೆಯಿಂದ ಬರೋದು ಬೇಕು. ಇಲ್ಲಿ ಯಾರೂ ಇಲ್ಲ. ನಾನೂ ನೋಡಲ್ಲ."

ನನ್ನ ಮನೆಯಲ್ಲಿ ನಾನು ಅಷ್ಟು ಜೋರಾಗಿ ಎಂದೂ ಕೆಮ್ಮಿರಲಿಲ್ಲ. ಆ ಡಬ್ಬಿಯಲ್ಲಿ ಎಲ್ಲಾ ಸಿಕ್ಕಿತು. ಎಕ್ಸ್‌ರೇಯಲ್ಲಿ ಬಲಗಡೆ ಮೇಲೆ ಬಿಳಿಯ ಮೋಡದಂಥದ್ದು ಕಂಡಿತು. "ಮೊದಲೇ ಬಂದಿದ್ರೆ ಮನೆಯಲ್ಲೇ ಸೂಜಿ ಹಾಕಬಹುದಿತ್ತು. ಈಗ ಇಲ್ಲೇ ಇರಬೇಕು," ಅಂದರು ಡಾಕ್ಟರಮ್ಮ. ಹೊರಗೆ ಬಂದಾಗ ನಿಮ್ಮ ತಾತ ಬೆಂಚಿನ ಮೇಲೆ ಕುಳಿತು ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದರು. ನನಗೆ ಆದದ್ದು ಮಾತ್ರ ಬೇರೆ, ಹೇಳಲು ನಾಚಿಕೆಯಾಗುತ್ತದೆ: ಅಬ್ಬಾ, ಇದು ಹೊಟ್ಟೆಕಿಚ್ಚಲ್ಲ ಎಂದು ಎದೆ ಹಗುರಾಯಿತು.

ಹೆಂಗಸರ ವಾರ್ಡು ಉದ್ದನೆಯದು. ಕಿಟಕಿಯಿಂದ ಬೇವಿನ ಮರಗಳು, ಅದರಾಚೆ ಸಂಗನಕಲ್ಲಿನ ಕಡೆಯ ಗುಡ್ಡ. ದಿನಾ ಸೊಂಟಕ್ಕೆ ಸೂಜಿ. ಬಾಯಿಗೆ ಹಾಕಿದರೆ ಹೊಟ್ಟೆ ತೊಳಸುವ ಪುಡಿ. ಸೂಜಿಯಿಂದ ಕಿವಿಯಲ್ಲಿ ಜೀರುಂಡೆ ಕೂತಂತೆ ಸದ್ದು. ನಿನ್ನ ಮಾತ್ರೆಗಳಿಂದ ಬಾಯಿ ಕಹಿಯಾಗುತ್ತದೆ ಅಂದೆಯಲ್ಲ, ಆ ಕಹಿ ನನಗೆ ಗೊತ್ತು. ಮಾತ್ರೆ ನುಂಗಿದ ಮೇಲೆ ಹುರಿದ ಶೇಂಗಾ ನಾಲ್ಕು ಬಾಯಿಗೆ ಹಾಕಿಕೋ, ಹೋಗುತ್ತದೆ.

ಅಲ್ಲಿ ನಾನು ಯಾರ ಮೇಲೆ ಹೊಟ್ಟೆಕಿಚ್ಚು ಪಟ್ಟಿಲ್ಲ! ಪಕ್ಕದ ಮಂಚದವಳ ತೂಕ ಏರಿದರೆ ಉರಿಯುತ್ತಿದ್ದೆ. ಯಾರದಾದರೂ ಗಂಟು ಕಟ್ಟಿ ಮನೆಗೆ ಕಳಿಸಿದರೆ ಊಟ ಬಿಡುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ನಿಮ್ಮ ತಾತನ ಉಸಿರಿನ ಮೇಲೆ. ನಾನು ಮಂಚದಿಂದ ಬಚ್ಚಲಿಗೆ ಹೋಗಿ ಬಂದರೆ ಗೋಡೆ ಹಿಡಿದು ನಿಲ್ಲಬೇಕು. ಅವರು ಪಾಳಿ ಮುಗಿಸಿ, ಅಷ್ಟು ದೂರ ಸೈಕಲ್ ತುಳಿದು ಬಂದು, ಕಿಟಕಿಯ ಸರಳು ಹಿಡಿದು ನಿಂತರೆ ಎದೆ ಏರಿಳಿಯುತ್ತಲೂ ಇರಲಿಲ್ಲ. ಇಷ್ಟು ಉಸಿರು ಒಬ್ಬರಿಗೇ ಯಾಕೆ ಕೊಟ್ಟೆಯಪ್ಪಾ ಎಂದು ಬಸವಣ್ಣನನ್ನು ಬೈದಿದ್ದೇನೆ.

ಅವರು ಬರುತ್ತಿದ್ದದ್ದು ಪಾಳಿ ಮುಗಿದ ಮೇಲೆ ಮಧ್ಯಾಹ್ನ. ನೋಡಲು ಬರುವವರಿಗೆ ಸಂಜೆ ಮಾತ್ರ ಬಿಡುತ್ತಿದ್ದರು, ಸಂಜೆ ಇವರಿಗೆ ಆಟ. ಆದರೆ ಆಯಾ ಹುಸೇನಮ್ಮ ಇವರಿಗೆ ಮಾತ್ರ ಹಿಂದಿನ ಗೇಟು ತೆರೆಯುತ್ತಿದ್ದಳು. ಇವರು ಬಂದರೆ ನನ್ನ ಕಿಟಕಿಗಿಂತ ಮೊದಲು ಅವಳದೇ ಪಂಚಾಯಿತಿ.

"ಏನ್ ಸಾಬ್, ಹೊಸಪೇಟೆಯವ್ರ ಮುಂದ ಮರ್ಯಾದಿ ಕಳದ್ರಂತ?"

"ಕಳೀಲಿಲ್ಲವಾ, ಒಂದೊಂದು ಸಮ ಆತು."

"ಸಮ ಅಂದ್ರ ಏನ್ ಬಂತು, ಮಣ್ಣು! ನಿಮ್ಮ ಗೋಲ್ ಕಾಯೋನು ಏನ್ ನಿದ್ದಿ ಹೊಡೀತಿದ್ನಾ?"

ನಾನು ಸರಳಿನ ಹಿಂದೆ ಕಾಯುತ್ತಿದ್ದೆ. ಅವರು ಹೋದ ಮೇಲೆ ಹುಸೇನಮ್ಮ ನನ್ನ ತಲೆ ಬಾಚಲು ಬರುತ್ತಿದ್ದಳು. ಬೇರೆ ಯಾರೂ ನಮ್ಮ ತಲೆ ಮುಟ್ಟುತ್ತಿರಲಿಲ್ಲ. ಅವಳು ಸಿಕ್ಕು ಬಿಡಿಸಿ, ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದು, "ಸಿಟ್ಟಿಲ್ಲಲ್ಲ ಬೇಟೀ? ನಿನ್ನ ಗಂಡನ್ನ ನಾನು ಹೊತ್ಕೊಂಡು ಹೋಗಲ್ಲ," ಅನ್ನುತ್ತಿದ್ದಳು. ಆ ಬೆರಳುಗಳನ್ನು ನಾನು ಸಾಯುವತನಕ ಮರೆಯುವುದಿಲ್ಲ.

ಬೇಸಿಗೆಯಲ್ಲಿ ಅತ್ತೆ ಬಂದರು. ಜಗುಲಿಯ ಕೆಳಗೆ, ಮೂಗಿಗೆ ಸೆರಗು ಹಿಡಿದು ನಿಂತರು. ಬಾಳೆಹಣ್ಣು ಹುಸೇನಮ್ಮನ ಕೈಗೆ ಕೊಟ್ಟರು. ನನ್ನನ್ನು ನೋಡಿ ಕಣ್ಣು ಒರೆಸಿಕೊಂಡರು. ಅದು ಸುಳ್ಳಲ್ಲ.

"ಯಮ್ಮಾ, ನಿನಗ ಕೆಟ್ಟದ್ದು ಬಯಸಾಕ ಬಂದಿಲ್ಲ ನಾ. ಬೆಂಗಳೂರಿನ ದೊಡ್ಡ ಫ್ಯಾಕ್ಟ್ರಿ ಟೀಮಿನವ್ರು ಅವನ್ನ ಕರಿಯಾಕ ಹತ್ಯಾರ. ಪರ್ಮನೆಂಟ್ ನೌಕರಿ, ಮನಿ ಕೊಡ್ತಾರ. ಹೋದ್ರ ಅವನಿಗೆ ಅಡಗಿ ಮಾಡಿ ಹಾಕೋರು ಯಾರು? ಸಿರುಗುಪ್ಪದಾಗ ನಮ್ಮ ಕಡೆ ಹುಡುಗಿ ಒಂದೈತಿ. ಕಲ್ಲುಗುಂಡಿನಂಗ ಅದಾಳ, ಒಂದಿನ ತಲಿನೋವು ಅಂತ ಮಲಗಿಲ್ಲ. ನೀನು ಹಿರೇಕಿ ಆಗೇ ಇರು. ನೀ ಹೂಂ ಅಂದ್ರ ಮಾತ್ರ ಮುಂದಿನ ಮಾತು."

ಆಗ ಹಾಗೆಯೇ ಇತ್ತು ಮಕ್ಕಳೇ. ಮೊದಲ ಹೆಂಡತಿ ಒಪ್ಪಿದರೆ ಎರಡನೆಯದನ್ನು ತರುತ್ತಿದ್ದರು, ಊರು ಏನೂ ಅನ್ನುತ್ತಿರಲಿಲ್ಲ. ಕ್ಷಯವಾದ ಹೆಂಡತಿಯಂತೂ ಒಪ್ಪಲೇಬೇಕು ಎಂಬಂತೆ. ನಾನು ನೆಲ ನೋಡಿದೆ. ಅದನ್ನೇ ಹೂಂ ಎಂದು ತಿಳಿದುಕೊಂಡುಬಿಟ್ಟರೆ ಎಂದು ಭಯವಾಗಿ ತಲೆ ಎತ್ತಿದೆ. ಕಣ್ಣಿಗೆ ಕಟ್ಟಿದ್ದು ಕಂಡಿಲ್ಲದ ಆ ಹುಡುಗಿಯ ಗಟ್ಟಿ ಎದೆ, ಗಟ್ಟಿ ಕೈ, ನನ್ನ ಒಲೆಯ ಮುಂದೆ ಅವಳು, ಅವಳ ತೊಡೆಯ ಮೇಲೆ ಆ ಬೂಟು. ಹರಳೆಣ್ಣೆ ಅವಳು ಹಚ್ಚುತ್ತಾಳೆ. ಅಷ್ಟು ದಿನ ದ್ವೇಷಿಸಿದ ಬೂಟಿಗಾಗಿ ನನ್ನ ಕರುಳು ಕಿತ್ತು ಬಂತು.

ಅದೇ ಹೊತ್ತಿಗೆ ಇವರು ಬಂದರು. ತಲೆಗೂದಲಲ್ಲಿ ಹತ್ತಿಯ ಎಳೆ. ಅತ್ತೆ ಮುಚ್ಚಿಡಲಿಲ್ಲ, ಅವರಿಗೂ ಅದನ್ನೇ ಹೇಳಿದರು. ಇವರು ಸೈಕಲ್ಲಿಗೆ ಸ್ಟ್ಯಾಂಡು ಹಾಕಿದರು, ಅದು ನಿಂತಿತೋ ಇಲ್ಲವೋ ಎಂದು ಎರಡು ಸಲ ನೋಡಿದರು.

"ಯವ್ವಾ, ನಮ್ಮ ಆಟದಾಗ ಒಬ್ಬನಿಗೆ ಕಾಲು ಮುರೀತು ಅಂದ್ರೂ ಬದಲಿ ಇಳಸಂಗಿಲ್ಲ. ಇದ್ದ ಹತ್ತು ಮಂದೀನ ಆಡಬೇಕು." ಆಗಿನ ಆಟದ ನಿಯಮವೇ ಹಾಗಿತ್ತು.

"ಇದು ಆಟ ಅಲ್ಲಪಾ, ಸಂಸಾರ."

"ನನಗ ಗೊತ್ತಿರೋದು ಅದೊಂದ ಯವ್ವಾ."

"ಮತ್ತ ಈಕಿ ವಾಸಿ ಆಗಲಿಲ್ಲಂದ್ರ?"

ಅದಕ್ಕೆ ಅವರು ಉತ್ತರ ಕೊಡಲಿಲ್ಲ. ಅತ್ತೆಯನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೊರಟರು. ಬದಲಿ ಇಳಿಸುವುದಿಲ್ಲ ಎಂದ ಅವರ ಮಾತು ಕೇಳಿ ಹುಸೇನಮ್ಮ ಚಪ್ಪಾಳೆ ತಟ್ಟಿದಳು. ನನಗೆ ಅಳು ಬಂತು, ಸಿಟ್ಟೂ ಬಂತು. ನನ್ನನ್ನು ಉಳಿಸಿಕೊಳ್ಳುವ ಮಾತನ್ನೂ ಈ ಮನುಷ್ಯ ಆ ಚೆಂಡಿನ ಹತ್ತಿರವೇ ಸಾಲ ತರಬೇಕೇ? ಮತ್ತೆ ಆ ಕೊಡದ ಉತ್ತರ. ವಾಸಿಯಾಗದಿದ್ದರೆ?

ಅಂದಿನಿಂದ ನಾನು ಆ ಪುಡಿಯನ್ನು ಒಮ್ಮೆಯೂ ಕಿಟಕಿಯಿಂದ ಆಚೆ ಚೆಲ್ಲಲಿಲ್ಲ. ವಾಂತಿಯಾದರೆ ಮತ್ತೆ ಕೇಳಿ ತೆಗೆದುಕೊಂಡೆ. ಸಿರುಗುಪ್ಪದ ಆ ಹುಡುಗಿಯನ್ನು ನೆನೆದುಕೊಂಡು ಒಂದು ತುತ್ತು ಹೆಚ್ಚಿಗೆ ಉಂಡೆ. ಔಷಧ ಅರ್ಧ ಕೆಲಸ ಮಾಡಿತು ಅಂದುಕೊಂಡರೆ, ಉಳಿದರ್ಧ ಅವಳ ಮೇಲಿನ ಹೊಟ್ಟೆಕಿಚ್ಚು ಮಾಡಿತು. ಮಂಜುಳಾ, ನಿನಗೆ ಯಾರ ಮೇಲಾದರೂ ಹೊಟ್ಟೆಕಿಚ್ಚಿದ್ದರೆ ಈಗ ಸ್ವಲ್ಪ ಇಟ್ಟುಕೋ. ಗುಣವಾದ ಮೇಲೆ ಬಿಡುವಿಯಂತೆ.

ಮಳೆಗಾಲ ಕಳೆದು ಮತ್ತೆ ಚಳಿ ಬಂದಾಗ ಡಾಕ್ಟರಮ್ಮ ಹೊಸ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೋಡ ಹೋಗಿ ಗೆರೆಯಂಥ ಕಲೆ ಉಳಿದಿತ್ತು. ಕಫವೂ ಸ್ವಚ್ಛ. "ಮನೆಗೆ ಹೋಗಿ ಮಾತ್ರೆ ನುಂಗು, ಬಿಡಬೇಡ," ಅಂದರು.

ಕರೆದೊಯ್ಯಲು ಅವರು ಜಟಕಾ ತಂದರು. ಆಟದ ಚಡ್ಡಿ, ಅಂಗಿ ಹಾಕಿಕೊಂಡೇ ಬಂದಿದ್ದರು. ಆ ದಿನವೂ ಮ್ಯಾಚು! ಅದೂ ಬೆಂಗಳೂರಿನವರು ಇವರನ್ನು ನೋಡಲು ಬರುವ ಮ್ಯಾಚು. ಮನೆಗೆ ಬಿಟ್ಟು ಬರಲು ಹೊತ್ತಿಲ್ಲ ಎಂದು ಜಟಕಾವನ್ನು ಸೀದಾ ಮೈದಾನಕ್ಕೆ ಹೊಡೆಸಿದರು. ಜಟಕಾ ಮರದ ಕೆಳಗೆ ನಿಂತಿತು. ನಾನು ಪರದೆ ಸರಿಸಿ ನೋಡಿದೆ.

ಮದುವೆಯಾಗಿ ಅಷ್ಟು ವರ್ಷಕ್ಕೆ ಅವರ ಆಟ ನಾನು ಮೊದಲ ಸಲ ನೋಡಿದ್ದು. ಅವರು ಗೋಲು ಹೊಡೆಯಲಿಲ್ಲ. ಎಲ್ಲಿ ತಮ್ಮವನೊಬ್ಬ ಬಿದ್ದನೋ, ದಣಿದು ನಿಂತನೋ, ಅಲ್ಲಿ ಅವರು ಇರುತ್ತಿದ್ದರು. ಚೆಂಡು ಅವರ ಕಾಲಿಗೆ ಬಂದರೆ ಹೆಚ್ಚು ಹೊತ್ತು ನಿಲ್ಲುತ್ತಲೇ ಇರಲಿಲ್ಲ. ಕೊಟ್ಟುಬಿಡುತ್ತಿದ್ದರು. ಅವರು ಕೊಟ್ಟ ಚೆಂಡಿಗೆ ಬೇರೊಬ್ಬ ಗೋಲು ಹೊಡೆದ, ಜನ ಅವನನ್ನು ಹೊತ್ತು ಕುಣಿದರು. ಇವರು ಆಗಲೇ ತಿರುಗಿ ತಮ್ಮ ಜಾಗಕ್ಕೆ ನಡೆದಿದ್ದರು. ಹೊತ್ತವರ ಮೇಲೆ, ಹೊರಿಸಿಕೊಂಡವನ ಮೇಲೆ ನನಗೆ ಕಿಡಿಕಿಡಿಯಾಯಿತು.

ಜಟಕಾದ ಚಕ್ರದ ಹತ್ತಿರ ಇಬ್ಬರು ನಿಂತಿದ್ದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. "ನೋಡಲೇ, ಈಗ ಎಡಕ್ಕ ಹೊಳ್ಳತಾನ," ಅಂದ ಒಬ್ಬ. ಇವರು ಎಡಕ್ಕೆ ತಿರುಗಿದರು. "ಯಾವಾಗ್ಲೂ ಎಡಕ್ಕ. ಎಷ್ಟು ವರ್ಷದಿಂದ ನೋಡಾಕ ಹತ್ತೀನಿ." ನನ್ನ ಗಂಡ ಎಡಕ್ಕೆ ತಿರುಗುತ್ತಾರೆ ಎಂಬುದು ಬೀದಿಯಲ್ಲಿ ಹೋಗುವವನಿಗೆ ಗೊತ್ತು, ನನಗೆ ಗೊತ್ತಿಲ್ಲ.

ಆಟ ಮುಗಿದು ಅವರು ಬೆವರು ಸುರಿಸುತ್ತ ಬಂದು ಜಟಕಾದಲ್ಲಿ ಕುಳಿತರು.

"ನೀವು ಯಾವಾಗ್ಲೂ ಎಡಕ್ಕ ಯಾಕ ಹೊಳ್ಳತೀರಿ?" ಎಂದೆ. ಅಷ್ಟು ನೇರವಾಗಿ ನಾನು ಅವರನ್ನು ಏನೂ ಕೇಳಿದವಳಲ್ಲ.

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಗಾಡಿಯವನ ಬೆನ್ನು ನೋಡಿದರು. ಆಮೇಲೆ ದನಿ ತಗ್ಗಿಸಿದರು. "ಬಲ ಮೊಣಕಾಲಾಗ ಏನೋ ಹರದೈತಿ. ಬಾಳ ದಿನ ಆತು. ಬಲಕ್ಕ ಹೊಳ್ಳಿದ್ರ ಜೀವ ಹೋದಂಗ ಆಕ್ಕೈತಿ. ಯಾರಿಗೂ ಹೇಳಿಲ್ಲ. ಗೊತ್ತಾದ್ರ ಟೀಮಿನಿಂದ ತಗೀತಾರ."

"ಅತ್ತಿಯವ್ರಿಗೂ ಹೇಳಿಲ್ಲೇನು?"

"ಯಾರಿಗೂ ಇಲ್ಲ ಅಂದ್ನಲ್ಲ. ನಿನಗ ಹೇಳಿದೆ."

ಮನೆಯಲ್ಲಿ ಅತ್ತೆ ನನಗೆಂದು ಬೇರೆ ತಟ್ಟೆ, ಬೇರೆ ಚೊಂಬು ಮೂಲೆಯಲ್ಲಿಟ್ಟಿದ್ದರು. ನಿಮ್ಮ ತಾತ ಬಂದು ಕುಳಿತು ಆ ತಟ್ಟೆಯನ್ನೇ ತಮ್ಮ ಮುಂದೆ ಎಳೆದುಕೊಂಡರು. ಅತ್ತೆ ಅವರ ಮುಖ ನೋಡಿದರು, ಬಡಿಸಿದರು. ಮರುದಿನ ತಟ್ಟೆಗಳೆಲ್ಲ ಒಂದೇ ಬುಟ್ಟಿಯಲ್ಲಿದ್ದವು. ಸಿರುಗುಪ್ಪದ ಹುಡುಗಿಗೆ ಬೇರೆ ಕಡೆ ಮದುವೆಯಾಯಿತು, ಚೆನ್ನಾಗಿದ್ದಾಳೆ ಎಂದು ಕೇಳಿದ್ದೇನೆ.

ಬೆಂಗಳೂರಿಗೆ ನಾವಿಬ್ಬರೇ ಹೋದೆವು. ಅಲ್ಲೇ ನಿಮ್ಮ ಅಪ್ಪ ಹುಟ್ಟಿದ್ದು. ಮೊಣಕಾಲು ತಡೆದಷ್ಟು ದಿನ ಆಡಿದರು. ಬರಬರುತ್ತಾ ಎಡಕ್ಕೂ ತಿರುಗಲಾಗಲಿಲ್ಲ. ಬಳ್ಳಾರಿಗೆ ಮರಳಿ, ಹಳೆಯ ಮಿಲ್ಲಿನಲ್ಲೇ ಹುಡುಗರಿಗೆ ಆಟ ಕಲಿಸುತ್ತ, ಗೇಟಿನ ಕೆಲಸ ನೋಡಿಕೊಂಡು ಇದ್ದರು. ಅವರು ಇನ್ನೂ ಆಡಬಹುದಿತ್ತು, ಸೊಕ್ಕಿನಿಂದ ಬಿಟ್ಟರು ಎಂದು ಊರಿನಲ್ಲಿ ಮಾತಿತ್ತು. ನಾನು ಯಾರಿಗೂ ತಿದ್ದಿ ಹೇಳಲಿಲ್ಲ.

ನನ್ನ ಎದೆಯಲ್ಲಿ ಗೆರೆ ಇನ್ನೂ ಇದೆಯಂತೆ, ಕೆಮ್ಮು ಮಾತ್ರ ಮತ್ತೆ ಬರಲಿಲ್ಲ. ಹೊಟ್ಟೆಕಿಚ್ಚಿಗೆ ಮಾತ್ರ ಯಾವ ಡಾಕ್ಟರಮ್ಮನೂ ಸೂಜಿ ಹಾಕಲಿಲ್ಲ. ನಿಮ್ಮ ತಾತ ಹೋಗಿ ಇಷ್ಟು ದಿನವಾದರೂ, ತರಕಾರಿಗೆ ಹೋದಾಗ ಯಾರೋ ಮುದುಕರು ನಿಲ್ಲಿಸಿ, "ಏನ್ ಆಟಮ್ಮಾ ಅವರ್ದು! ನೀವು ನೋಡಬೇಕಿತ್ತು!" ಅನ್ನುತ್ತಾರೆ. ನನಗೆ ಉರಿಯುತ್ತದೆ. ಅವರೆಲ್ಲ ಅಷ್ಟು ವರ್ಷ, ಅಷ್ಟು ಭಾನುವಾರ ನೋಡಿದರು.

ಈ ಹಾಳೆಗಳಲ್ಲಿ ಇರುವುದು ಅವರು ನೋಡದೇ ಇದ್ದದ್ದು. ಇವುಗಳನ್ನು ಒದ್ದೆಯಾಗದ ಕಡೆ, ಇಲಿ ಮುಟ್ಟದ ಕಡೆ ಜೋಪಾನವಾಗಿ ಇಡಿ. ನಿಮ್ಮ ಮಕ್ಕಳಿಗೆ ಓದಲು ಕೊಡಿ. ಮಾತ್ರೆ ನುಂಗಲು ಹೆದರುವವರು ಯಾರೇ ಕೇಳಿದರೂ ಕೊಡಿ. ಅವರ ಆಟ ನೋಡಿದ ಆ ಮುದುಕರಿಗೆ ಮಾತ್ರ ತೋರಿಸಬೇಡಿ. ಅವರ ಪಾಲು ಅವರಿಗೆ ಸಿಕ್ಕಾಗಿದೆ.